ಓಣಿಯೊಳಗಿನ ಹಾವು
(ನಿವೃತ್ತ ಲೆಕ್ಕ ತಪಾಸಿಗನೊಬ್ಬನ ವಿಮಾನ ಟಿಪ್ಪಣಿಗಳು)

1

ಜುಲೈ ತಿಂಗಳ ಮಳೆ. ಬೆಂಗಳೂರಿನಿಂದ ಮಂಗಳೂರಿಗೆ, ಮಗಳ ಮನೆಗೆ ಹೊರಟಿದ್ದೆ. ನಿಲ್ದಾಣವಿರುವ ಬಜ್ಪೆಯ ಗುಡ್ಡ ಕಿಟಕಿಯಲ್ಲಿ ಕಂಡಿತು, ಚಕ್ರ ಇಳಿದ ಸದ್ದೂ ಕೇಳಿತು. ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಎಂಜಿನ್ ಅಬ್ಬರಿಸಿತು, ಬೆನ್ನು ಸೀಟಿಗೆ ಒತ್ತಿತು, ವಿಮಾನ ಮತ್ತೆ ಮೋಡದೊಳಗೆ ಹೋಯಿತು. ಸ್ವಲ್ಪ ಹೊತ್ತು ಯಾರೂ ಉಸಿರೆತ್ತಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಇಪ್ಪತ್ತು ನಿಮಿಷ ಸುತ್ತು ಹೊಡೆದು ಎರಡನೇ ಸಲಕ್ಕೆ ಇಳಿಸಿದರು. ಪಕ್ಕದ ಸೀಟಿನವರು ಗಡಿಯಾರ ನೋಡಿಕೊಂಡು, "ಈ ಪೈಲಟ್‌ಗೆ ಮೆಮೊ ಗ್ಯಾರಂಟಿ" ಅಂದರು. ನಾನೂ ತಲೆಯಾಡಿಸಿದೆ. ಮೂವತ್ತೊಂದು ವರ್ಷ ಸಹಕಾರ ಸಂಘಗಳ ಲೆಕ್ಕ ನೋಡಿದವನು ನಾನು. ಇಂಧನ ಸುಟ್ಟಿತು, ಹೊತ್ತು ಹೋಯಿತು. ಆ ಖರ್ಚು ಯಾರದಾದರೂ ಹೆಸರಿಗೆ ಬೀಳಲೇಬೇಕು.

ಸಂಜೆ ಸೋದರಳಿಯನಿಗೆ ಫೋನ್ ಮಾಡಿದೆ. ವಿಮಾನ ರಿಪೇರಿಯ ಎಂಜಿನಿಯರ್ ಆಗಿದ್ದವನು ಈಗ ಕ್ವಾಲಿಟಿ ವಿಭಾಗದಲ್ಲಿದ್ದಾನೆ. ವಿಷಯ ಕೇಳಿ ನಕ್ಕ.

"ಮೆಮೊ ಯಾಕ್ರೀ ಮಾಮಾ? ಗೋ-ಅರೌಂಡ್ ಮಾಡಿದಾಂವನ್ನ ಯಾರೂ ಕೇಳೂ ಹಂಗಿಲ್ಲ. ಕೇಳಿದ್ರ ಮುಂದಿನ ಸಲ ಮ್ಯಾಲ ಏರಿಸ್ತಾನೇನು? ಹೆಂಗರ ಮಾಡಿ ಇಳಸಾಕ ನೋಡ್ತಾನ."

ತಪ್ಪಾಗಿದ್ದರೂ ಆಗದಿದ್ದರೂ ಕೇಳಬಾರದು ಎಂಬ ನಿಯಮ ನನ್ನ ಸರ್ವೀಸಿನಲ್ಲಿ ನಾನು ಕಂಡಿಲ್ಲ. ಅರ್ಥವಾಗದ್ದನ್ನು ಬರೆದಿಡುವುದು ಹಳೇ ಚಟ. ಡೈರಿ ತೆಗೆದೆ.

2

ಬಜ್ಪೆ ಎಂದರೆ 2010ರ ಮೇ 22 ನೆನಪಾಗದವರು ಆ ಕಡೆ ಇಲ್ಲ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ. ಒಳಗಿದ್ದವರು 166, ಸತ್ತವರು 158, ಉಳಿದವರು ಎಂಟು ಜನ. ಗುಡ್ಡದ ನೆತ್ತಿ ಕಡಿದು ಮಾಡಿದ ರನ್‌ವೇ. ಉದ್ದ 2,450 ಮೀಟರ್, ಅಂದರೆ ಎಂಟು ಸಾವಿರ ಅಡಿಯ ಮೇಲೆ ಸ್ವಲ್ಪ. ವಿಮಾನ ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿದ ಮೇಲೆ. ಅದರಾಚೆ ಕಣಿವೆ.

ತನಿಖಾ ವರದಿಯಲ್ಲಿ ಎರಡು ಸಂಗತಿ ನನ್ನನ್ನು ಬಿಡುತ್ತಿಲ್ಲ. ಕಾಕ್‌ಪಿಟ್‌ನ ಧ್ವನಿಮುದ್ರಿಕೆಯಲ್ಲಿ ಬಹಳ ಹೊತ್ತು ಕೇಳಿಸಿದ್ದು ಕ್ಯಾಪ್ಟನ್ನರ ಗೊರಕೆ. ಇಳಿಯುವ ಹೊತ್ತಿಗೆ ಎಚ್ಚರವಾಗಿದ್ದರೂ ನಿದ್ದೆಯ ಮಂಪರು ಪೂರ್ತಿ ಬಿಟ್ಟಿರಲಿಲ್ಲ. ಎರಡನೆಯದು, ಪಕ್ಕದಲ್ಲಿದ್ದ ಸಹ ಪೈಲಟ್ "ಗೋ ಅರೌಂಡ್" ಎಂದು ಮೂರು ಸಲ ಹೇಳಿದ್ದರು.

ಮೂರು ಸಲ ಹೇಳಿದರು. ಕೈಯಿಟ್ಟು ತಾವೇ ಮೇಲೇರಿಸಲಿಲ್ಲ.

ಅಮೆರಿಕದ ಫ್ಲೈಟ್ ಸೇಫ್ಟಿ ಫೌಂಡೇಶನ್ ನಡೆಸಿದ ಅಧ್ಯಯನ ಒಂದಿದೆ. ವೇಗವೋ ಎತ್ತರವೋ ಲೆಕ್ಕ ತಪ್ಪಿ ರನ್‌ವೇಯತ್ತ ಬರುತ್ತಿರುವ ವಿಮಾನ ಮತ್ತೆ ಮೇಲೇರಬೇಕು ಎಂಬುದು ಎಲ್ಲ ಕಂಪನಿಗಳ ನಿಯಮ. ಹಾಗೆ ಬಂದವುಗಳಲ್ಲಿ ನೂರಕ್ಕೆ 97 ಮೇಲೇರದೆ ಇಳಿದೇಬಿಡುತ್ತವೆಯಂತೆ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಅಭ್ಯಾಸವಾಗುತ್ತದೆ.

ನನ್ನ ಪೈಲಟ್ ಉಳಿದ ಮೂವರಲ್ಲಿ ಒಬ್ಬ. ಅವನಿಗೆ ಮೆಮೊ ಕೊಡಿ ಅಂದವರ ಜೊತೆ ನಾನೂ ತಲೆಯಾಡಿಸಿದ್ದೆ.

3

ಸೋದರಳಿಯ ಒಂದು ದಪ್ಪ ಪುಸ್ತಕದ ಫೈಲ್ ಕಳಿಸಿದ್ದಾನೆ. ಐಯೋಸಾ ಅಂತ ಕರೆಯುತ್ತಾರಂತೆ. ಐಯಾಟಾ ಎಂಬುದು ವಿಮಾನ ಕಂಪನಿಗಳ ಸಂಘ, 1945ರಲ್ಲಿ ಕ್ಯೂಬಾದ ಹವಾನಾದಲ್ಲಿ ಹುಟ್ಟಿದ್ದು. ಈಗ ಸುಮಾರು 350 ಕಂಪನಿಗಳು ಸದಸ್ಯರು. ಈ ಸಂಘ 2003ರಲ್ಲಿ ಸುರಕ್ಷತೆಗೆಂದೇ ಒಂದು ಆಡಿಟ್ ಶುರು ಮಾಡಿತು. ಕೆಲವೇ ವರ್ಷಗಳಲ್ಲಿ ಈ ಆಡಿಟ್ ಪಾಸಾಗದವರಿಗೆ ಸದಸ್ಯತ್ವವೇ ಇಲ್ಲ ಅಂದುಬಿಟ್ಟರು. ಎರಡು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ.

ಅದಕ್ಕೆ ಮೊದಲು ಹೇಗಿತ್ತು ಕೇಳಿದೆ. ಒಂದು ಕಂಪನಿಯ ಟಿಕೆಟ್ ತೋರಿಸಿ ಇನ್ನೊಂದು ಕಂಪನಿಯ ವಿಮಾನ ಹತ್ತುವ ಕೋಡ್‌ಶೇರ್ ವ್ಯವಸ್ಥೆ ಇದೆಯಲ್ಲ, ಅದಕ್ಕೆ ಒಪ್ಪುವ ಮೊದಲು ಪಾಲುದಾರ ಕಂಪನಿ ಬಂದು ತಪಾಸಣೆ ಮಾಡುತ್ತಿತ್ತು. ಐದು ಪಾಲುದಾರರಿದ್ದರೆ ಐದು ತಂಡ, ಐದು ಪ್ರಶ್ನೆಪತ್ರಿಕೆ, ಅದೇ ಗ್ಯಾರೇಜು, ಅದೇ ದಾಖಲೆ. ಒಬ್ಬರಿಗೆ ಸರಿ ಕಂಡದ್ದು ಇನ್ನೊಬ್ಬರಿಗೆ ತಪ್ಪು. ಈಗ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಒಬ್ಬರು ನೋಡಿದ ವರದಿಯನ್ನು ಆ ಕಂಪನಿ ಒಪ್ಪಿದರೆ ಉಳಿದವರೂ ಓದಬಹುದು.

ಪುಸ್ತಕದಲ್ಲಿ ಎಂಟು ಭಾಗ: ಆಡಳಿತ, ಹಾರಾಟ, ಹಾರಾಟದ ನಿಯಂತ್ರಣ, ಎಂಜಿನಿಯರಿಂಗ್, ಕ್ಯಾಬಿನ್, ನೆಲದ ಕೆಲಸ, ಸರಕು, ಭದ್ರತೆ. ಮಾನದಂಡಗಳ ಸಂಖ್ಯೆ ನೂರಾರು. ಇಂಗ್ಲಿಷಿನಲ್ಲಿ ಒಂದೊಂದು ವಾಕ್ಯವೂ ಎರಡೇ ಬಗೆಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ನಮ್ಮ ಸರ್ಕಾರಿ ಕನ್ನಡಕ್ಕೆ ತಂದರೆ ಒಂದು "ಮಾಡತಕ್ಕದ್ದು", ಇನ್ನೊಂದು "ಮಾಡಿದರೆ ಒಳ್ಳೆಯದು". ತಕ್ಕದ್ದನ್ನು ಮಾಡದಿದ್ದರೆ ಆಕ್ಷೇಪಣೆ. ಅದು ತೀರುವ ತನಕ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಒಳ್ಳೆಯದನ್ನು ಮಾಡದಿದ್ದರೆ ಬರೀ ಷರಾ.

ಇಷ್ಟು ಓದಿ ಮನಸ್ಸಿಗೆ ಹಿತವಾಯಿತು. ಪರಿಚಯದ ಊರಿಗೆ ಬಂದ ಹಾಗೆ.

4

ಹಿತ ಬಹಳ ಹೊತ್ತು ಉಳಿಯಲಿಲ್ಲ. ಆಡಿಟ್ ಎಂದರೇನು ಎಂದು ನನಗೆ ಗೊತ್ತಲ್ಲ.

ತಪಾಸಣೆಯ ತಾರೀಖು ಮೊದಲೇ ತಿಳಿದಿರುತ್ತದೆ. ಹಿಂದಿನ ವಾರ ಕಿರ್ದಿ, ಖತಾವಣಿ ಎಲ್ಲ ಬರೆದು ಮುಗಿಸುತ್ತಾರೆ. ಗೋದಾಮಿನ ಗೊಬ್ಬರದ ಚೀಲ ಎಣಿಸಿ ಜೋಡಿಸುತ್ತಾರೆ, ಕಡಿಮೆ ಬಿದ್ದರೆ ಪಕ್ಕದ ಊರಿನ ಸಂಘದಿಂದ ತಂದು ತುಂಬುತ್ತಾರೆ. ಕೈಶಿಲ್ಕು ಪೈಸೆಗೆ ಪೈಸೆ ತಾಳೆ. ಮಧ್ಯಾಹ್ನ ಚೇರ್ಮನ್ನರ ಮನೆಯಲ್ಲಿ ಹೋಳಿಗೆ. ನಾಲ್ಕು ಪ್ಯಾರಾ ಬರೆಯುತ್ತೇವೆ, ಅವರು ಅನುಪಾಲನಾ ವರದಿ ಕಳಿಸುತ್ತಾರೆ, ಪ್ಯಾರಾ ಡ್ರಾಪ್ ಆಗುತ್ತದೆ. ಸಂಘ ಎ ವರ್ಗ.

ಇದನ್ನೇ ಅಳಿಯನಿಗೆ ಹೇಳಿದೆ. ಅವನು ಆ ಪುಸ್ತಕದ ಎರಡು ಶಬ್ದ ತೋರಿಸಿದ: ಬರೆದಿಟ್ಟಿರಬೇಕು, ಬರೆದಂತೆ ನಡೆದಿರಬೇಕು. ಪ್ರತಿ ಮಾನದಂಡಕ್ಕೂ ಈ ಎರಡು ಪ್ರಶ್ನೆ. ಕಾಗದ ನೋಡಿ ಆದ ಮೇಲೆ ತಪಾಸಿಗರು ಹ್ಯಾಂಗರ್‌ಗೆ ಹೋಗಿ ಕೆಲಸ ನೋಡುತ್ತಾರೆ, ಪೈಲಟ್‌ಗಳ ಹಿಂದೆ ಕೂತು ಹಾರುತ್ತಾರೆ.

"ಅವರು ಹಿಂದ ಕೂತಾಗ ಎಲ್ಲಾರೂ ಶಾಣ್ಯಾ ಆಗಿರ್ತಾರಲ್ಲೋ?"

"ಅದಂತೂ ಖರೆ ಮಾಮಾ."

ಈ ಒಂದು ಒಪ್ಪಿಗೆಯಿಂದ ಅವನ ಬೇರೆ ಮಾತುಗಳ ಮೇಲೆ ನಂಬಿಕೆ ಬಂತು.

5

ಟಿಕೆಟ್ ಕೊಳ್ಳುವಾಗ ನಾನು ನೋಡಿದ್ದು: ಇನ್ನೂರು ರೂಪಾಯಿ ಕಡಿಮೆ ಯಾವುದು, ಲಗೇಜು ಎಷ್ಟು ಕಿಲೊ, ಕಿಟಕಿ ಸೀಟಿಗೆ ಬೇರೆ ದುಡ್ಡೋ. ಐಯೋಸಾ ಪಟ್ಟಿ ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ನೋಡುವ ಹಾಗಿದೆ. ನೋಡಿದವರು ನಮ್ಮ ಬಳಗದಲ್ಲಿ ಒಬ್ಬರೂ ಇಲ್ಲ. ಹಾಗಾದರೆ ಗಿರಾಕಿ ಕೇಳದ ಸರಕಿಗೆ ಈ ಕಂಪನಿಗಳು ದುಡ್ಡು ಸುರಿಯುವುದು ಯಾಕೆ? ದರದಲ್ಲಿ ಒಬ್ಬರ ಕುತ್ತಿಗೆ ಒಬ್ಬರು ಹಿಸುಕುವವರು, ಸುರಕ್ಷತೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂರುವುದು ಹೇಗೆ?

6

1974ರ ಡಿಸೆಂಬರ್ 1, ಅಮೆರಿಕ. ಟಿಡಬ್ಲ್ಯೂಎ ಕಂಪನಿಯ 514ನೇ ವಿಮಾನ ವಾಷಿಂಗ್ಟನ್ ಹತ್ತಿರದ ಡಲಸ್ ನಿಲ್ದಾಣದಲ್ಲಿ ಇಳಿಯಲು ಬರುತ್ತಿತ್ತು. ಕೆಟ್ಟ ಹವೆ. ನೆಲದಿಂದ ಕಂಟ್ರೋಲರ್ "ರನ್‌ವೇಯತ್ತ ಬರಲು ಅನುಮತಿ ಇದೆ" ಅಂದರು. ಹಾಗಂದರೆ ಈಗಲೇ 1,800 ಅಡಿಗೆ ಇಳಿಯಬಹುದು ಎಂದು ಪೈಲಟ್‌ಗಳು ತಿಳಿದರು. ನಡುವೆ ಬೆಟ್ಟವಿರುವ ಮಾತನ್ನು ಕಂಟ್ರೋಲರ್ ಹೇಳಲಿಲ್ಲ. ಅದು ಪೈಲಟ್‌ಗಳ ಹೊಣೆ ಎಂದು ಅವರ ತಿಳಿವಳಿಕೆ. ವರ್ಜೀನಿಯಾದ ಮೌಂಟ್ ವೆದರ್‌ಗೆ ವಿಮಾನ ಬಡಿಯಿತು. 92 ಜನ, ಒಬ್ಬರೂ ಉಳಿಯಲಿಲ್ಲ.

ಬರೆಯುತ್ತಿರುವುದು ಇದಕ್ಕಲ್ಲ. ಅದಕ್ಕೂ ಆರು ವಾರ ಮೊದಲು ಯುನೈಟೆಡ್ ಕಂಪನಿಯ ವಿಮಾನವೊಂದು ಅದೇ ದಾರಿಯಲ್ಲಿ, ಅದೇ ಅನುಮತಿಯನ್ನು ಹಾಗೆಯೇ ತಪ್ಪು ತಿಳಿದು, ಅದೇ ಬೆಟ್ಟವನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತ್ತು. ಪೈಲಟ್‌ಗಳು ಮುಚ್ಚಿಡದೆ ಕಂಪನಿಗೆ ಹೇಳಿದರು. ಕಂಪನಿ ತನ್ನ ಪೈಲಟ್‌ಗಳಿಗೆಲ್ಲ ಎಚ್ಚರಿಕೆ ಕೊಟ್ಟಿತು. ತನ್ನವರಿಗೆ ಮಾತ್ರ.

ನಮ್ಮ ಓಣಿಯಲ್ಲಿ ಹಿತ್ತಲಲ್ಲಿ ಹಾವು ಕಂಡರೆ ಮೊದಲು ಕೂಗುವುದು ಪಕ್ಕದ ಮನೆಗೆ. ಆ ಮನೆಯವರೊಂದಿಗೆ ಗೋಡೆಯ ಜಗಳ ಕೋರ್ಟಿನಲ್ಲಿದ್ದರೂ ಕೂಗುತ್ತೇವೆ. ಯಾಕೆಂದರೆ ಹಾವಿಗೆ ಗಡಿ ಗೊತ್ತಿಲ್ಲ. ಯುನೈಟೆಡ್‌ನವರು ಕೆಟ್ಟವರಾಗಿರಲಿಲ್ಲ, ಕೂಗುವ ರೂಢಿ ಇರಲಿಲ್ಲ ಅಷ್ಟೆ.

ಐದನೇ ಟಿಪ್ಪಣಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ ಅನ್ನಿಸುತ್ತದೆ.

7

ಆ ದುರಂತದ ಮೇಲೆ ಅಮೆರಿಕದ ವಿಮಾನ ನಿಯಂತ್ರಣ ಇಲಾಖೆಯಾದ ಎಫ್‌ಎಎ 1975ರಲ್ಲಿ ಒಂದು ಯೋಜನೆ ತಂದಿತು: ನಿಮ್ಮ ತಪ್ಪು, ನೀವು ಕಂಡ ಅಪಾಯ ನಮಗೆ ಬರೆಯಿರಿ, ಶಿಕ್ಷೆ ಇಲ್ಲ. ಪೈಲಟ್‌ಗಳು ಅನುಮಾನಿಸಿದರು. ಲೈಸೆನ್ಸ್ ಕಿತ್ತುಕೊಳ್ಳುವವರಿಗೇ ತಪ್ಪೊಪ್ಪಿಗೆ ಬರೆದು ಕೊಡುವವರು ಯಾರು?

ಆಗ ಮಾಡಿದ ಉಪಾಯ ಮಜವಾಗಿದೆ. 1976ರಲ್ಲಿ ಆ ಕೆಲಸವನ್ನು ನಾಸಾ ಕೈಗೆ ಕೊಟ್ಟರು. ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿದವರು. ಅವರಿಗೆ ಲೈಸೆನ್ಸ್ ಕೊಡುವ ಅಧಿಕಾರವೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ. ಅರ್ಜಿಯಲ್ಲಿ ಹೆಸರು ಬರೆಯುವ ಜಾಗ ಒಂದು ಪಟ್ಟಿ. ಓದಿ, ಬೇಕಾದರೆ ಫೋನ್ ಮಾಡಿ ಕೇಳಿ, ಆ ಪಟ್ಟಿಯನ್ನು ಹರಿದು ತಾರೀಖಿನ ಮುದ್ರೆ ಒತ್ತಿ ಬರೆದವರಿಗೇ ವಾಪಸು ಕಳಿಸುತ್ತಾರೆ. ತಮ್ಮ ಬಳಿ ಹೆಸರು ಇಟ್ಟುಕೊಳ್ಳುವುದಿಲ್ಲ. ಬೇಕೆಂದೇ ಮಾಡಿದ ತಪ್ಪಲ್ಲದಿದ್ದರೆ, ಅಪರಾಧ ಅಥವಾ ಅಪಘಾತ ಆಗಿರದಿದ್ದರೆ, ಹತ್ತು ದಿನದೊಳಗೆ ಬರೆದವರಿಗೆ ದಂಡದಿಂದ ರಕ್ಷಣೆ. ಬಂದ ಪತ್ರಗಳಲ್ಲಿ ಆಯ್ದವು ಹೆಸರಿಲ್ಲದೆ ಅಚ್ಚಾಗಿ ಎಲ್ಲ ಕಂಪನಿಗಳ ಪೈಲಟ್‌ಗಳಿಗೂ ಹೋಗುತ್ತವೆ.

ಅಪಘಾತದ ತನಿಖೆಗೂ ಇಂಥದೇ ಕಟ್ಟಳೆ. ದೇಶದೇಶಗಳ ನಡುವಿನ ವಿಮಾನಯಾನಕ್ಕೆ 1944ರಲ್ಲಿ ಆದ ಶಿಕಾಗೊ ಒಪ್ಪಂದದ 13ನೇ ಅನುಬಂಧದ ಪ್ರಕಾರ ತನಿಖೆಯ ಏಕೈಕ ಉದ್ದೇಶ ಮುಂದೆ ಹೀಗಾಗದಂತೆ ತಡೆಯುವುದು. ದೋಷ ಹೊರಿಸುವುದು ಅದರ ಕೆಲಸವಲ್ಲ.

ಮೂವತ್ತೊಂದು ವರ್ಷ ನಾನು ಬರೆದ ಪ್ಯಾರಾಗಳೆಲ್ಲ "ಹೊಣೆಗಾರರನ್ನು ಗುರುತಿಸಿ ಮೊಬಲಗು ವಸೂಲು ಮಾಡತಕ್ಕದ್ದು" ಎಂದು ಮುಗಿಯುತ್ತಿದ್ದವು. ಬೇರೆ ರೀತಿ ಮುಗಿಸಬಹುದು ಎಂದು ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

8

ಪಂಕ್ತಿಯಿಂದ ಎಬ್ಬಿಸುವುದೂ ಉಂಟು. 1997ರ ಆಗಸ್ಟ್ 6ರಂದು ಕೊರಿಯನ್ ಏರ್ ಕಂಪನಿಯ ಜಂಬೊ ವಿಮಾನ ಗುವಾಮ್ ದ್ವೀಪದಲ್ಲಿ ಗುಡ್ಡಕ್ಕೆ ಬಡಿದು 228 ಜನ ಸತ್ತರು. ದಾರಿ ತಪ್ಪಿದ ಕ್ಯಾಪ್ಟನ್ನರನ್ನು ಪಕ್ಕದಲ್ಲಿದ್ದ ಇಬ್ಬರು ಗಟ್ಟಿಯಾಗಿ ತಡೆಯಲಿಲ್ಲ ಎಂದು ಅಮೆರಿಕದ ತನಿಖಾ ಮಂಡಳಿ ಬರೆಯಿತು. ಬಜ್ಪೆ ಮತ್ತೆ ನೆನಪಾಯಿತು. 1999ರ ಏಪ್ರಿಲ್‌ನಲ್ಲಿ ಶಾಂಘೈನಲ್ಲಿ ಅದೇ ಕಂಪನಿಯ ಸರಕು ವಿಮಾನ ಬಿದ್ದಾಗ ಡೆಲ್ಟಾ, ಏರ್ ಫ್ರಾನ್ಸ್ ಕಂಪನಿಗಳು ಕೋಡ್‌ಶೇರ್ ನಿಲ್ಲಿಸಿದವು. ನಿಮ್ಮ ವಿಮಾನದಲ್ಲಿ ನಮ್ಮ ಗಿರಾಕಿ ಕೂರುವುದಿಲ್ಲ ಎಂದ ಹಾಗೆ.

ಇಲ್ಲಿಯವರೆಗೆ ಸಿಟ್ಟಿನ ಕಥೆ, ಅರ್ಥವಾಗುತ್ತದೆ. ಮುಂದಿನದು ಸೋಜಿಗ. 2000ದಲ್ಲಿ ಕೊರಿಯನ್ ಏರ್ ಹಾರಾಟ ವಿಭಾಗವನ್ನು ಸರಿಪಡಿಸಲು ಕರೆತಂದದ್ದು ಅದೇ ಡೆಲ್ಟಾದ ಉಪಾಧ್ಯಕ್ಷರಾಗಿದ್ದ ಡೇವಿಡ್ ಗ್ರೀನ್‌ಬರ್ಗ್ ಅವರನ್ನು. ಪೈಲಟ್‌ಗಳು ಇಂಗ್ಲಿಷಿನಲ್ಲಿ ಪಳಗಬೇಕು ಎಂದು ಅವರು ಪಟ್ಟು ಹಿಡಿದರು. ಕೊರಿಯನ್ ಭಾಷೆಯಲ್ಲಿ ಹಿರಿಯರೊಂದಿಗೆ ಆಡುವ ಪ್ರತಿ ಮಾತಿಗೂ ಗೌರವದ ಮೆಟ್ಟಿಲುಗಳಿವೆ. ಆ ಮೆಟ್ಟಿಲು ಹತ್ತಿಳಿಯುವಷ್ಟರಲ್ಲಿ ಬೆಟ್ಟ ಬಂದಿರುತ್ತದೆ ಎಂದು ಕೆಲವರು ಅದಕ್ಕೆ ಅರ್ಥ ಹೇಳುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ನಾವೂ "ರೀ" ಹಚ್ಚಿ ಮಾತಾಡುವ ಸೀಮೆಯವರೇ, "ನಿಲ್ರೀ" ಅನ್ನಲು ಎಷ್ಟು ಹೊತ್ತು ಬೇಕು? ತಡವಾಗುವುದು ನಾಲಿಗೆಯಲ್ಲಲ್ಲ, ಅದಕ್ಕೂ ಕೆಳಗೆ ಎಲ್ಲೋ.

ಏನಿದ್ದರೂ ಎಬ್ಬಿಸಿದವರ ಪೈಕಿಯವರೇ ಕೈಹಿಡಿದು ಮತ್ತೆ ಕೂರಿಸಿದರು.

9

ನಮ್ಮನ್ನೂ ಎಬ್ಬಿಸಿದ್ದರು. 2014ರ ಜನವರಿ 31ರಂದು ಎಫ್‌ಎಎ ಭಾರತವನ್ನು ಮೊದಲ ವರ್ಗದಿಂದ ಎರಡನೇ ವರ್ಗಕ್ಕೆ ಇಳಿಸಿತು. ತಪ್ಪು ವಿಮಾನ ಕಂಪನಿಗಳದ್ದಾಗಿರಲಿಲ್ಲ. ಅವುಗಳನ್ನು ನೋಡಿಕೊಳ್ಳಬೇಕಾದ ಡಿಜಿಸಿಎಯಲ್ಲಿ ಹಾರಾಟ ತಪಾಸಣೆಗೆ ಸಾಕಷ್ಟು ಕಾಯಂ ತಪಾಸಿಗರೇ ಇರಲಿಲ್ಲ. ಏರ್ ಇಂಡಿಯಾ, ಜೆಟ್ ಏರ್‌ವೇಸ್ ಅಮೆರಿಕಕ್ಕೆ ಹೊಸ ವಿಮಾನ ಹಾಕುವಂತಿರಲಿಲ್ಲ. ಇಳಿಸುವ ಸ್ವಲ್ಪ ಮೊದಲಷ್ಟೇ 75 ಹುದ್ದೆ ಮಂಜೂರಾಗಿದ್ದವು. 2015ರ ಏಪ್ರಿಲ್‌ನಲ್ಲಿ ಮೊದಲ ವರ್ಗ ಮರಳಿತು.

ಎ ವರ್ಗ, ಬಿ ವರ್ಗ ನಾನೂ ಕೊಟ್ಟಿದ್ದೇನೆ. ಆಡಿಟರ್ ಸಾಲದು ಎಂಬ ಕಾರಣಕ್ಕೆ ಇಲಾಖೆಯನ್ನೇ ಬಿ ವರ್ಗಕ್ಕೆ ಇಳಿಸಿದವರನ್ನು ಮಾತ್ರ ನೋಡಿರಲಿಲ್ಲ. ಒಂದು ಕಾಲದಲ್ಲಿ ನನ್ನೊಬ್ಬನ ಪಾಲಿಗೆ 140 ಸಂಘಗಳಿದ್ದವು. ಆಗ ಯಾರಾದರೂ ಬಂದು ನೋಡಬೇಕಿತ್ತು.

10

2018ರ ಅಕ್ಟೋಬರ್ 29ರಂದು ಇಂಡೊನೇಷ್ಯಾದ ಲಯನ್ ಏರ್ ವಿಮಾನ ಜಕಾರ್ತಾದಿಂದ ಹಾರಿ ಸಮುದ್ರಕ್ಕೆ ಬಿತ್ತು. 189 ಸಾವು. ಬೋಯಿಂಗ್ 737 ಮ್ಯಾಕ್ಸ್. ಒಂದೇ ಸೆನ್ಸರ್‌ನ ಸುಳ್ಳು ಮಾತು ನಂಬಿ ಮೂಗನ್ನು ಕೆಳಗೆ ತಳ್ಳುತ್ತಿದ್ದ ಸಾಫ್ಟ್‌ವೇರ್. ಅದರ ಬಗ್ಗೆ ಪೈಲಟ್‌ಗಳ ಕೈಪಿಡಿಯಲ್ಲಿ ಒಂದು ಸಾಲೂ ಇರಲಿಲ್ಲ. ಅಷ್ಟು ಎಲ್ಲರಿಗೂ ಗೊತ್ತು.

ಹಿಂದಿನ ರಾತ್ರಿ ಅದೇ ವಿಮಾನ ಬಾಲಿಯಿಂದ ಜಕಾರ್ತಾಕ್ಕೆ ಬಂದಿತ್ತು. ಅದೇ ತೊಂದರೆ. ಕಾಕ್‌ಪಿಟ್‌ನಲ್ಲಿ ಮೂರನೇ ಪೈಲಟ್ ಒಬ್ಬರಿದ್ದರು. ಸ್ವಿಚ್ ಆರಿಸಿ, ಕೈಯಿಂದಲೇ ಸಂಭಾಳಿಸಿ ತಂದು ಇಳಿಸಿದರು. ಇಳಿದ ಮೇಲೆ ಲಾಗ್‌ಬುಕ್ಕಿನಲ್ಲಿ ಬರೆದದ್ದು ಅರ್ಧ. ಹಾರಾಟದುದ್ದಕ್ಕೂ ಸ್ಟೀರಿಂಗ್ ನಡುಗುತ್ತಿದ್ದುದನ್ನು, ಸ್ವಿಚ್ ಆರಿಸಿದ್ದನ್ನು ಬರೆದಿರಲಿಲ್ಲ. ರಿಪೇರಿಯವರು ಬರೆದಷ್ಟನ್ನು ನೋಡಿದರು. ಬೆಳಿಗ್ಗೆ ಬೇರೆ ಪೈಲಟ್‌ಗಳು ಹತ್ತಿದರು.

ಕಿರ್ದಿಯಲ್ಲಿ ಬರೆಯದ ಎರಡು ಸಾಲು. ಡಲಸ್‌ನಲ್ಲಿ ಹಾವು ಒಂದು ಕಂಪನಿಯಿಂದ ಇನ್ನೊಂದಕ್ಕೆ ದಾಟಿತ್ತು. ಇಲ್ಲಿ ಒಂದೇ ಮನೆಯ ಪಡಸಾಲೆಯಿಂದ ಅಡುಗೆಮನೆಗೆ ಸುದ್ದಿ ಹೋಗಲಿಲ್ಲ.

11

ಕೂಗಿದರೆ ಸಾಕು ಎಂದು ಬರೆದು ಮುಗಿಸೋಣ ಅಂದುಕೊಂಡಿದ್ದೆ. ಅಮೆರಿಕದಲ್ಲಿ ಕಂಪನಿಗಳು, ವಿಮಾನ ತಯಾರಕರು, ಪೈಲಟ್ ಸಂಘಗಳು, ಸರ್ಕಾರ ಸೇರಿ 1990ರ ದಶಕದ ಕೊನೆಗೆ ಕಾಸ್ಟ್ ಎಂಬ ತಂಡ ಕಟ್ಟಿದವು. ಹತ್ತು ವರ್ಷದಲ್ಲಿ ಸಾವಿನ ಅಪಾಯವನ್ನು ನೂರಕ್ಕೆ 80ರಷ್ಟು ಇಳಿಸುವುದು ಗುರಿ. 83ರಷ್ಟು ಇಳಿಸಿ 2008ರ ಕೊಲಿಯರ್ ಟ್ರೋಫಿ ಪಡೆದರು. 2009ರ ಫೆಬ್ರುವರಿಯ ನಂತರ ಸುಮಾರು ಹದಿನಾರು ವರ್ಷ ಅಲ್ಲಿನ ಪ್ರಯಾಣಿಕ ವಿಮಾನ ಕಂಪನಿಗಳಲ್ಲಿ ದೊಡ್ಡ ದುರಂತವೇ ಇಲ್ಲ.

ಆಮೇಲೆ 2025ರ ಜನವರಿ 29. ವಾಷಿಂಗ್ಟನ್‌ನ ನದಿಯ ಮೇಲೆ ಪ್ರಯಾಣಿಕ ವಿಮಾನಕ್ಕೂ ಸೇನೆಯ ಹೆಲಿಕಾಪ್ಟರ್‌ಗೂ ಡಿಕ್ಕಿ, 67 ಸಾವು. ತನಿಖಾ ಮಂಡಳಿ ಹಳೆಯ ಅಂಕಿಅಂಶ ತೆಗೆದು ನೋಡಿತು. 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ಆ ನಿಲ್ದಾಣದ ಸುತ್ತ ವಿಮಾನ ಮತ್ತು ಹೆಲಿಕಾಪ್ಟರ್ ಅಪಾಯದಷ್ಟು ಹತ್ತಿರ ಬಂದದ್ದು 15,214 ಸಲ. ತೀರಾ ಹತ್ತಿರ, 85 ಸಲ.

ಬರೆದಿತ್ತು. ಕೂಡಿಸಿ ನೋಡಿದವರಿರಲಿಲ್ಲ. ಓಣಿಯಲ್ಲಿ ಹದಿನೈದು ಸಾವಿರ ಸಲ ಕೂಗಿದರೆ ಅದೂ ಸಂತೆಯ ಗದ್ದಲವಾಗುತ್ತದೋ ಏನೋ.

ಅಳಿಯನಿಗೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಕಡೀನೂ ರಿಪೋರ್ಟ್ ಭಾಳ ಬರ್ತಾವ್ರೀ ಮಾಮಾ. ಓದವ್ರು ನಾಲ್ಕ ಮಂದಿ" ಅಂದ.

12

ಸಹಕಾರ ಎಂಬ ಶಬ್ದ ನಮ್ಮ ಗದಗ ಸೀಮೆಗೆ ಹೊಸದಲ್ಲ. ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಹುಟ್ಟಿದ್ದು ಇಲ್ಲೇ ಕಣಗಿನಹಾಳದಲ್ಲಿ. ಅದೇ ಶಬ್ದದ ಹೆಸರಿನಲ್ಲಿ ಮೂವತ್ತೊಂದು ವರ್ಷ ಸಂಬಳ ತೆಗೆದುಕೊಂಡೆ.

ಒಂದು ಸಂಘದ ಗುಮಾಸ್ತ ನೆನಪಾಗುತ್ತಾನೆ. ಊರು ಬರೆಯುವುದಿಲ್ಲ. ನಾನು ತಪಾಸಣೆಗೆ ಕೂತ ಮೊದಲ ದಿನವೇ ಬಾಗಿಲ ಹತ್ತಿರ ನಿಂತು, "ಸಾಹೇಬ್ರ, ಒಂದ್ ತಪ್ಪಾಗೇತ್ರಿ" ಅಂದ. ಬಿತ್ತನೆಯ ಗಡಿಬಿಡಿಯಲ್ಲಿ ಇಪ್ಪತ್ತು ಚೀಲ ಗೊಬ್ಬರ ರಸೀದಿ ಹರಿಯದೆ ಕೊಟ್ಟಿದ್ದ, ಯಾರಿಗೆ ಎಂದು ಅವನಿಗೇ ನೆನಪಿರಲಿಲ್ಲ. ಎಲ್ಲ ಸಂಘದಲ್ಲೂ ಬಿತ್ತನೆಯ ವಾರ ಹೀಗೇ ಆಗುತ್ತದೆ, ಕೌಂಟರ್‌ಗೆ ಒಬ್ಬನೇ ಸಾಲುವುದಿಲ್ಲ ಎಂದೂ ಹೇಳಿದ. ನಾನು ಪುಸ್ತಕದಿಂದ ತಲೆ ಎತ್ತದೆ ಕೇಳಿಸಿಕೊಂಡೆ. ಪ್ಯಾರಾ ಬರೆದೆ. ಅವನ ಸಂಬಳದಿಂದ ವಸೂಲಾಯಿತು, ಒಂದು ಇನ್‌ಕ್ರಿಮೆಂಟ್ ಹೋಯಿತು.

ಮರುವರ್ಷ ಅದೇ ಸಂಘಕ್ಕೆ ಹೋದೆ. ಕಿರ್ದಿ ಚೊಕ್ಕ, ದಾಸ್ತಾನು ಸರಿ, ಕೈಶಿಲ್ಕು ತಾಳೆ. ಗುಮಾಸ್ತ ಚಹಾ ತಂದಿಟ್ಟು ಹೋದ, ಒಂದು ಮಾತೂ ಆಡಲಿಲ್ಲ. ಎ ವರ್ಗ ಕೊಟ್ಟೆ. ಮಾರನೆಯ ವರ್ಷ ಆ ಗೋದಾಮಿನಲ್ಲಿ ಮುನ್ನೂರಕ್ಕೂ ಹೆಚ್ಚು ಚೀಲ ಕಡಿಮೆ ಬಿದ್ದವು. ಪಕ್ಕದ ಊರಿನ ಸಂಘದಲ್ಲೂ ಅಷ್ಟೇ.

ಬಿತ್ತನೆಯ ವಾರದ ಸುದ್ದಿ ಆ ಗುಮಾಸ್ತ ನನಗೆ ಮೊದಲೇ ಹೇಳಿದ್ದ. ನಾನು ಅದನ್ನು ಪಕ್ಕದ ಊರಿಗೆ ಹೇಳಲಿಲ್ಲ. ಹೇಳಿದವನ ಹೆಸರು ಮಾತ್ರ ಸರಿಯಾಗಿ ಬರೆದುಕೊಂಡಿದ್ದೆ.

ಆ ಪ್ಯಾರಾಕ್ಕೆ ಅನುಪಾಲನಾ ವರದಿ ಬಂದಿತ್ತು, ಡ್ರಾಪ್ ಮಾಡಿ ಸಹಿ ಹಾಕಿದ್ದೆ. ಈ ಡೈರಿಯಲ್ಲಿ ಅದನ್ನು ಮತ್ತೆ ಬಾಕಿ ಎಂದು ಬರೆದುಕೊಂಡಿದ್ದೇನೆ.